ಲಾರಿ ಮೆಕ್ಯಾನಿಕ್ ಆಯ್ಕೆ: ಸರ್ಟಿಫಿಕೇಟ್ ಎಷ್ಟು ನೋಡಬೇಕು, ಕೈಕೆಲಸ ಹೇಗೆ ಪರೀಕ್ಷಿಸಬೇಕು

ನಾಲ್ಕೈದು ಲಾರಿ ಇಟ್ಟುಕೊಂಡವರು ಡೀಸೆಲ್ ಮೆಕ್ಯಾನಿಕ್ ಹುಡುಕಲು ಹೊರಟರೆ ಸಾಮಾನ್ಯವಾಗಿ ಎರಡು ಬಗೆಯವರು ಸಿಗುತ್ತಾರೆ. ಐಟಿಐ ಮುಗಿಸಿ ಫೈಲ್ ಹಿಡಿದು ಬರುವ ಹುಡುಗ ಒಬ್ಬ. ಪಾನಾ ಎತ್ತಿಕೊಡುವ ಹೆಲ್ಪರ್ ಆಗಿ ಗ್ಯಾರೇಜ್ ಸೇರಿ, ಹತ್ತು ಹನ್ನೆರಡು ವರ್ಷದಲ್ಲಿ ಮೇಸ್ತ್ರಿ ಅನ್ನಿಸಿಕೊಂಡವನು ಇನ್ನೊಬ್ಬ. ಡ್ರೈವರ್‌ಗೆ ಇರುವಂಥ ಲೈಸೆನ್ಸ್ ನಮ್ಮಲ್ಲಿ ಮೆಕ್ಯಾನಿಕ್‌ಗೆ ಕಡ್ಡಾಯವಿಲ್ಲ. ಹಾಗಾಗಿ ತೂಗಿ ನೋಡುವ ಕೆಲಸ ನಿಮ್ಮದೇ. ಅದಕ್ಕೆ ಅರ್ಧ ದಿನ ಮತ್ತು ಶೆಡ್‌ನಲ್ಲಿ ನಿಂತ ಒಂದು ಲಾರಿ ಸಾಕು.

ಮೊದಲು ನಿಮ್ಮ ಗಾಡಿಗಳ ಆರ್‌ಸಿ ತೆಗೆದು ನೋಡಿ. 2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಬಿಎಸ್6 ಎಂಬ ಹೊಗೆ ನಿಯಮ ಕಡ್ಡಾಯವಾಯಿತು. ಕಂಪ್ಯೂಟರ್ ಇಲ್ಲದ, ಹಳೆಯ ಇನ್‌ಲೈನ್ ಡೀಸೆಲ್ ಪಂಪಿನ ಗಾಡಿಗಳೇ ಹೆಚ್ಚಿದ್ದರೆ ಕಿವಿ ಮತ್ತು ಕೈ ಪಳಗಿದವನು ಮುಖ್ಯ. ಬಿಎಸ್6 ಗಾಡಿಗಳೇ ಹೆಚ್ಚಿದ್ದರೆ ಓದಿ ಅರ್ಥ ಮಾಡಿಕೊಳ್ಳುವವನು ಬೇಕು. ಸೆನ್ಸರ್ ತಪ್ಪು ಹೇಳುತ್ತಿದ್ದರೆ ಅದು ಎಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ.

ಕಾಗದದ ವಿಷಯ ಚಿಕ್ಕದು. ‘ಮೆಕ್ಯಾನಿಕ್ ಡೀಸೆಲ್’ ಒಂದು ವರ್ಷದ ಐಟಿಐ ಟ್ರೇಡ್, ‘ಮೆಕ್ಯಾನಿಕ್ ಮೋಟಾರ್ ವೆಹಿಕಲ್’ ಎರಡು ವರ್ಷದ್ದು. ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ಇದ್ದರೆ ಮೈಕ್ರೋಮೀಟರ್ ಹಿಡಿಯುವುದು, ಚಿತ್ರ ಓದುವುದು, ವೈರಿಂಗ್‌ನ ಮೊದಲ ಪಾಠ ಆಗಿದೆ ಎಂದರ್ಥ. ಲೋಡ್ ಗಾಡಿಯ ಗೇರ್‌ಬಾಕ್ಸ್ ಇಳಿಸಿದ್ದಾನೆ ಎಂದಲ್ಲ. ಅದರ ಜೊತೆಗೆ ಅಪ್ರೆಂಟಿಸ್ ಸರ್ಟಿಫಿಕೇಟೂ ಇದ್ದರೆ ತೂಕ ಹೆಚ್ಚು, ಏಕೆಂದರೆ ಅಷ್ಟು ಕಾಲ ನಿಜವಾದ ವರ್ಕ್‌ಶಾಪ್‌ನಲ್ಲಿ ಇದ್ದು ಬಂದಿದ್ದಾನೆ. ಆದರೆ ಎಲ್ಲಿ ಮಾಡಿದ, ಯಾವ ವಿಭಾಗದಲ್ಲಿ ಎಂದು ಕೇಳಿ. ವರ್ಷವಿಡೀ ಗಾಡಿ ತೊಳೆಸಿ, ಗ್ರೀಸ್ ಹೊಡೆಸಿ ಕಳಿಸುವ ಜಾಗಗಳೂ ಇವೆ. ತಯಾರಕ ಕಂಪನಿಯ ತರಬೇತಿ ಪತ್ರವಿದ್ದರೆ ಯಾವ ಎಂಜಿನ್, ಯಾವ ವರ್ಷ ಅನ್ನುವುದೇ ಮುಖ್ಯ. 2016ರ ಎಂಜಿನ್ ತರಬೇತಿ ಯೂರಿಯಾ ಸಿಸ್ಟಮ್ (ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ) ಬಗ್ಗೆ ಏನೂ ಕಲಿಸಿರದೆ ಇರಬಹುದು.

ಈಗ ಕೈಕೆಲಸ. ಟ್ಯಾಪೆಟ್‌ನಿಂದ, ಅಂದರೆ ವಾಲ್ವ್ ಗ್ಯಾಪ್ ಸೆಟ್ ಮಾಡುವುದರಿಂದ ಶುರುಮಾಡಿ. ಹಳೆಯ ಟಾಟಾ ಲಾರಿಗಳಲ್ಲಿ ಬರುವ ಕಮ್ಮಿನ್ಸ್ 6ಬಿಟಿ ಥರದ ಆರು ಸಿಲಿಂಡರ್ ಎಂಜಿನ್ ಸಿಕ್ಕರೆ ಒಳ್ಳೆಯದು. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ), ರಿಂಗ್ ಪಾನಾ, ಸ್ಕ್ರೂಡ್ರೈವರ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ನಿಲ್ಲಿ. ಎಂಜಿನ್ ತಣ್ಣಗಿದೆಯೇ ಎಂದು ಅವನೇ ಕೇಳಬೇಕು. ಈ ಎಂಜಿನ್‌ಗೆ ಇನ್‌ಲೆಟ್ 0.25 ಮಿ.ಮೀ., ಎಕ್ಸಾಸ್ಟ್ 0.50 ಮಿ.ಮೀ.; ಬಿಸಿಗೆ ಎಕ್ಸಾಸ್ಟ್ ವಾಲ್ವ್ ಹೆಚ್ಚು ಉದ್ದವಾಗುವುದರಿಂದ ಅದಕ್ಕೆ ಗ್ಯಾಪ್ ಜಾಸ್ತಿ. ಎಂಜಿನ್ ತಿರುಗಿಸುತ್ತ ಆರನೇ ಸಿಲಿಂಡರಿನ ಎರಡೂ ವಾಲ್ವ್ ಒಂದು ಮುಚ್ಚುತ್ತ ಇನ್ನೊಂದು ತೆರೆಯುವ ಗಳಿಗೆಯಲ್ಲಿ ನಿಲ್ಲಿಸಿದರೆ ಒಂದನೇದರ ಪಿಸ್ಟನ್ ಫೈರಿಂಗ್‌ನಲ್ಲಿ ಮೇಲಿರುತ್ತದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-5-3-6-2-4. ಆ ಸ್ಥಿತಿಯಲ್ಲಿ ಒಂದನೇದರ ಎರಡೂ, 2 ಮತ್ತು 4ರ ಇನ್‌ಲೆಟ್, 3 ಮತ್ತು 5ರ ಎಕ್ಸಾಸ್ಟ್ ಸೆಟ್ ಮಾಡಬಹುದು. ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿ ಉಳಿದ ಆರು.

ನೋಡಬೇಕಾದ್ದು ಕೊನೆಯ ಐದು ಸೆಕೆಂಡ್. ಗೇಜ್ ತುಸು ಹಿಡಿದಂತೆ ಎಳೆಯುತ್ತಿದೆ, ಲಾಕ್‌ನಟ್ ಬಿಗಿ ಮಾಡಬೇಕು. ಸ್ಕ್ರೂವನ್ನು ಸ್ಕ್ರೂಡ್ರೈವರ್‌ನಿಂದ ಅಲುಗದಂತೆ ಹಿಡಿದು ನಟ್ ಬಿಗಿದು, ಮತ್ತೆ ಗೇಜ್ ಹಾಕಿ ನೋಡುವವನು ಕೆಲಸ ಬಲ್ಲವನು. ಹಿಡಿಯದೆ ಬಿಗಿದರೆ ನಟ್ ಜೊತೆ ಸ್ಕ್ರೂ ಕೂಡ ತಿರುಗಿ ಗ್ಯಾಪ್ ಕಡಿಮೆಯಾಗುತ್ತದೆ. ಕಡಿಮೆಯಾದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಕೆಲವು ಸಾವಿರ ಕಿಲೋಮೀಟರ್‌ನಲ್ಲಿ ವಾಲ್ವ್ ಸುಟ್ಟು ಹೆಡ್ ಇಳಿಸಬೇಕಾಗುತ್ತದೆ. ಹೊಸ ಐಟಿಐ ಹುಡುಗರಲ್ಲಿ ಬಹುಪಾಲು ಆರ್ಡರ್ ತಪ್ಪದೆ ಹೇಳಿ ಇಲ್ಲಿ ಎಡವುತ್ತಾರೆ. ಮೇಸ್ತ್ರಿಗಳಲ್ಲಿ ಕೆಲವರು ಗೇಜನ್ನೇ ಮುಟ್ಟದೆ ರಾಕರ್ ಅಲ್ಲಾಡಿಸಿ ‘ಸಾಕು’ ಅನ್ನುತ್ತಾರೆ. ಮೊದಲಿನವನಿಗೆ ವಾರದಲ್ಲಿ ಕಲಿಸಬಹುದು. ಎರಡನೆಯದು ಅಭ್ಯಾಸ, ಬಿಡಿಸುವುದು ಕಷ್ಟ.

ಎರಡನೇ ಪರೀಕ್ಷೆ ಡೀಸೆಲ್ ಲೈನಿನಲ್ಲಿ ಸೇರಿದ ಏರ್ ತೆಗೆಯುವುದು. ಹಳೆಯ ಪಂಪಿನ ಗಾಡಿಯಲ್ಲಿ ಹ್ಯಾಂಡ್ ಪಂಪ್ ಒತ್ತಿ, ಫಿಲ್ಟರಿನ ಬ್ಲೀಡ್ ಸ್ಕ್ರೂನಿಂದ ಗುಳ್ಳೆ ನಿಲ್ಲುವವರೆಗೆ ಬಿಟ್ಟು, ಆಮೇಲೆ ನಾಝಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವುದು ವಾಡಿಕೆ. ಇದೇ ಕೈ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಪೈಪಿನಲ್ಲಿ ಭಾರಿ ಒತ್ತಡದ ಡೀಸೆಲ್ ತುಂಬಿಡುವ) ಗಾಡಿಯ ಹೈ ಪ್ರೆಷರ್ ಪೈಪಿಗೆ ಹೋದರೆ ತಕ್ಷಣ ತಡೆಯಿರಿ. ಅಲ್ಲಿ ಒತ್ತಡ 1,600 ಬಾರ್ ದಾಟಬಹುದು. ಕೂದಲೆಳೆಯಷ್ಟು ತೆಳ್ಳಗೆ ಹಾರಿದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡಿದರೆ ಬೆರಳು ಹೋಗಬಹುದು. ಎಂಜಿನ್ ನಿಲ್ಲಿಸಿ ಕನಿಷ್ಠ 10 ನಿಮಿಷ ಬಿಡಬೇಕು, ಲೀಕ್ ಹುಡುಕಲು ಕೈ ಬದಲು ರಟ್ಟು ಹಿಡಿಯಬೇಕು. ಇಂಜೆಕ್ಟರ್ ಬದಲಿಸಿದ ಮೇಲೆ ಏನು ಮಾಡುತ್ತೀಯ ಎಂದೂ ಕೇಳಿ. ಅದರ ಮೇಲೆ ಕೆತ್ತಿದ ಕೋಡ್ ಇರುವ ಎಂಜಿನ್‌ಗಳಲ್ಲಿ ಆ ಕೋಡನ್ನು ಸ್ಕ್ಯಾನರ್‌ನಿಂದ ಇಸಿಯುಗೆ, ಅಂದರೆ ಎಂಜಿನ್ ಕಂಪ್ಯೂಟರ್‌ಗೆ ಹಾಕಬೇಕು. ಬಿಟ್ಟರೆ ಹೊಸ ಇಂಜೆಕ್ಟರ್ ಇದ್ದೂ ಐಡ್ಲಿಂಗ್ ನಡುಗಬಹುದು, ಹೊಗೆ ಬರಬಹುದು.

ಬಿಎಸ್6 ಗಾಡಿಯಲ್ಲಿ ಸ್ಕ್ಯಾನರ್ ಹಾಕಿದಾಗ ಪಿ20ಇಇ ಎಂಬ ದೋಷದ ಕೋಡ್ ಬಂದಿದೆ ಎಂದುಕೊಳ್ಳಿ, ಅಂದರೆ ಎಸ್‌ಸಿಆರ್ (ಅದೇ ಯೂರಿಯಾ ಸಿಸ್ಟಮ್) ಸರಿಯಾಗಿ ಹೊಗೆ ಶುದ್ಧ ಮಾಡುತ್ತಿಲ್ಲ. ‘ನಾಕ್ಸ್ ಸೆನ್ಸರ್ ಹೋಗಿದೆ, ತರಿಸಿ’ (ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ಸೆನ್ಸರ್) ಎಂದು ಕೋಡ್ ನೋಡಿದ ಕೂಡಲೇ ಹೇಳುವವನು ನಿಮ್ಮ ದುಡ್ಡಿನಲ್ಲಿ ಪ್ರಯೋಗ ಮಾಡುತ್ತಾನೆ. ಮೊದಲು ಟ್ಯಾಂಕಿನ ಡಿಇಎಫ್ (ಯೂರಿಯಾ ದ್ರಾವಣ) ನೋಡಬೇಕು. ಅದರಲ್ಲಿ ಯೂರಿಯಾ 32.5 ಶೇಕಡ ಇರಬೇಕು, ದ್ರಾವಣದ ಸಾಂದ್ರತೆ ತೋರಿಸುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಎರಡು ಹನಿ ಸಾಕು. ನೀರು ಬೆರೆತಿರಬಹುದು, ಕ್ಲೀನರ್ ಮರೆತು ಡೀಸೆಲ್ ಸುರಿದಿರಬಹುದು. ಆಮೇಲೆ ಡೋಸಿಂಗ್ ನಾಝಲ್ ಸುತ್ತ ಉಪ್ಪಿನಂತೆ ಬಿಳಿ ಕಟ್ಟಿದೆಯೇ, ಸೈಲೆನ್ಸರ್ ಪೈಪ್ ಎಲ್ಲಾದರೂ ಸೋರುತ್ತಿದೆಯೇ, ಕನೆಕ್ಟರ್ ಒಳಗೆ ಹಸಿರು ಕಿಲುಬಿದೆಯೇ. ಸೆನ್ಸರ್ ಸರದಿ ಇವೆಲ್ಲದರ ನಂತರ. ‘ಯೂರಿಯಾ ಸಿಸ್ಟಮ್ಮೇ ಕಟ್ ಮಾಡಿಬಿಡೋಣ ಅಣ್ಣ’ ಅನ್ನುವವನಿಗೆ ಅಲ್ಲೇ ಟೀ ಕುಡಿಸಿ ಕಳಿಸಿ. ಅದು ಕಾನೂನಿಗೆ ವಿರುದ್ಧ, ಮುಂದೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋದಾಗ ತಲೆನೋವು ನಿಮಗೇ.

ಒಂದು ಪ್ರಶ್ನೆಗೆ ಮಾತ್ರ ರಿಯಾಯಿತಿ ಬೇಡ: ಹಿಂದಿನ ಚಕ್ರದ ಸ್ಪ್ರಿಂಗ್ ಬ್ರೇಕ್ ಚೇಂಬರ್ (ಏರ್ ಇಲ್ಲದಾಗ ಸ್ಪ್ರಿಂಗ್ ಬಲದಿಂದ ಬ್ರೇಕ್ ಹಿಡಿಯುವ ಡಬ್ಬಿ) ಬಿಚ್ಚುವ ಮೊದಲು ಏನು ಮಾಡಬೇಕು? ಚಕ್ರಕ್ಕೆ ಅಡ್ಡೆ ಇಟ್ಟು, ಕೇಜಿಂಗ್ ಬೋಲ್ಟ್ ಹಾಕಿ ಸ್ಪ್ರಿಂಗ್ ಬಂಧಿಸಬೇಕು ಅನ್ನುವುದೇ ಉತ್ತರ. ಏರ್ ಪೂರ್ತಿ ಇಳಿದಿದ್ದರೂ ಆ ಸ್ಪ್ರಿಂಗಿನ ಬಲ ಒಳಗೇ ಇರುತ್ತದೆ. ಕ್ಲ್ಯಾಂಪ್ ಬಿಚ್ಚಿದ ಕೂಡಲೇ ಮುಚ್ಚಳ ಗುಂಡಿನಂತೆ ಹಾರಿ ಜೀವ ತೆಗೆಯಬಲ್ಲದು. ಉತ್ತರ ಬಾರದಿದ್ದರೆ ಎಷ್ಟು ವರ್ಷದ ಅನುಭವವಿದ್ದರೂ ಬ್ರೇಕ್ ಕೆಲಸ ಒಪ್ಪಿಸಬೇಡಿ.

ಕೈ ಚೆನ್ನಾಗಿದ್ದು ಕಾಗದ ಇಲ್ಲದ ಮೇಸ್ತ್ರಿಗೆ ಆರ್‌ಪಿಎಲ್ ಎಂಬ ದಾರಿಯಿದೆ: ಈಗಾಗಲೇ ಬಲ್ಲ ಕೆಲಸವನ್ನೇ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ವಾಹನ ಕ್ಷೇತ್ರಕ್ಕೆ ಇದನ್ನು ನೋಡಿಕೊಳ್ಳುವುದು ಆಟೋಮೋಟಿವ್ ಸ್ಕಿಲ್ಸ್ ಡೆವಲಪ್‌ಮೆಂಟ್ ಕೌನ್ಸಿಲ್. ಆದರೆ ಇಂಥವರಿಗೆ ನಿಜವಾದ ತೊಡಕು ಸ್ಕ್ಯಾನರಿನ ಇಂಗ್ಲಿಷ್ ಮೆನು. ಪದೇ ಪದೇ ಬರುವ ಇಪ್ಪತ್ತು ಕೋಡ್, ಅದರ ಅರ್ಥ, ಮೊದಲು ನೋಡಬೇಕಾದ ಜಾಗ ಇಷ್ಟನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಸ್ಕ್ಯಾನರ್ ಐಟಿಐ ಹುಡುಗನ ಕೈಲಿ, ಪಾನಾ ಮೇಸ್ತ್ರಿ ಕೈಲಿ ಕೊಟ್ಟು ಒಂದೇ ಗಾಡಿಗೆ ಇಬ್ಬರನ್ನೂ ಹಾಕುವುದು ಇನ್ನೂ ಒಳ್ಳೆಯದು.

ಕೆಲಸಕ್ಕೆ ಇಟ್ಟ ಮೇಲೆ ಮೂರು ತಿಂಗಳು ಒಂದು ನೋಟ್‌ಬುಕ್ ಇಡಿ. ಗಾಡಿ ನಂಬರ್, ಕಿಲೋಮೀಟರ್, ದೂರು, ಮಾಡಿದ ಕೆಲಸ, ಹಾಕಿದ ಸಾಮಾನು ಬರೆಯಿರಿ. ಅದೇ ದೂರಿಗೆ ಅದೇ ಗಾಡಿ 15 ದಿನದೊಳಗೆ ವಾಪಸ್ ಬಂದರೆ ಆ ಸಾಲಿಗೆ ಕೆಂಪು ಗೀಟು ಹಾಕಿ. ಸಂಬಳ ಮಾತಾಡುವ ದಿನ ಫೈಲ್ ಪಕ್ಕಕ್ಕಿಟ್ಟು ಈ ನೋಟ್‌ಬುಕ್ ತೆರೆಯಿರಿ.