ಅಜ್ಜಿಯ ಜೋಗುಳದಿಂದ ಪಿಯಾನೊ ಕೃತಿ ಕಟ್ಟುವ ಬಗೆ

ಬಾಲ್ಯದ ಧಾಟಿಯೊಂದನ್ನು ಪಿಯಾನೊ ಕೃತಿಯಾಗಿ ಬೆಳೆಸಬೇಕೆನ್ನುವವರು ಮೊದಲ ದಿನವೇ ಪಿಯಾನೊ ಮುಂದೆ ಕೂರಬಾರದು. ಬೆರಳು ತನಗೆ ರೂಢಿಯಾದ ಮನೆಗಳಿಗೇ (ಪಿಯಾನೊದ ಕೀಲಿಗಳಿಗೇ) ಓಡುತ್ತದೆ. ಆದ್ದರಿಂದ ಧಾಟಿಯನ್ನು ಹಾಡಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದು ಲೇಸು. ಬಸವನಗುಡಿಯ ಮನೆಯಲ್ಲಿ ಅಜ್ಜಿ ತೊಟ್ಟಿಲು ತೂಗುತ್ತ ಹಾಡುತ್ತಿದ್ದ ಮೋಹನ ರಾಗದ ನೆರಳಿನ ಜೋಗುಳವನ್ನು ನಾನು ಆರಿಸಿಕೊಂಡಾಗ, ನನ್ನ ನೆನಪಿನಲ್ಲಿದ್ದುದಕ್ಕೂ ಚಿಕ್ಕಮ್ಮ ಹಾಡಿ ತೋರಿಸಿದ್ದಕ್ಕೂ ಎರಡನೆಯ ಸಾಲಿನಲ್ಲಿ ವ್ಯತ್ಯಾಸವಿತ್ತು. ನನ್ನದು ಆಧಾರಸ್ವರವಾದ ಷಡ್ಜಕ್ಕೆ (ಸ) ಇಳಿದು ನಿಲ್ಲುತ್ತಿತ್ತು, ಅವರದು ಪಂಚಮದಲ್ಲೇ (ಪ) ತೂಗಾಡುತ್ತಿತ್ತು. ಇಂಥ ಪಾಠಾಂತರ ಸಿಕ್ಕರೆ ಎರಡನ್ನೂ ಬರೆದಿಟ್ಟುಕೊಳ್ಳಬೇಕು. (ಧಾಟಿ ಸಿನಿಮಾ ಹಾಡಿನದಾದರೆ ಹಕ್ಕುಗಳ ವಿಷಯ ನೋಡಿಕೊಳ್ಳಿ, ನಮ್ಮಲ್ಲಿ ರಚನಕಾರರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ.)

ಮುಂದಿನದು ಶ್ರುತಿ, ಅಂದರೆ ಷಡ್ಜ ಯಾವ ಮನೆಯ ಮೇಲೆ ಕೂರುತ್ತದೆ ಎಂಬುದು. ಚಿಕ್ಕಮ್ಮನದು ಐದೂವರೆ ಮನೆ, ಅಂದರೆ ಜಿ ಶಾರ್ಪ್. ಅದನ್ನು ಹಾಗೆಯೇ ಮೇಜರ್ ಸ್ಕೇಲಿನಲ್ಲಿ ಬರೆದರೆ ಡಬಲ್ ಶಾರ್ಪ್ (ಸ್ವರವನ್ನು ಎರಡು ಅರ್ಧಸ್ವರ ಏರಿಸುವ ಗುರುತು) ಹಾಕಬೇಕಾಗುವುದರಿಂದ, ಅದೇ ಮನೆಯನ್ನು ಎ ಫ್ಲ್ಯಾಟ್ ಎಂದು ಕರೆದು ನಾಲ್ಕು ಫ್ಲ್ಯಾಟ್‌ಗಳಲ್ಲಿ (ಅರ್ಧಸ್ವರ ಇಳಿಸುವ ಗುರುತುಗಳಲ್ಲಿ) ಬರೆಯಬೇಕು. ಲಯಕ್ಕೆ ತೊಟ್ಟಿಲಿನ ತೂಗಾಟವನ್ನೇ ಹಿಡಿದು 6/8 (ಮೂರು ಮೂರಾಗಿ ಆರು ಎಣಿಕೆ) ಇಟ್ಟರೆ ಸಾಕು.

ಕಷ್ಟವಿರುವುದು ಎಡಗೈಯಲ್ಲಿ. ಮೋಹನದಲ್ಲಿ ಮಧ್ಯಮವೂ (ಮ) ನಿಷಾದವೂ (ನಿ) ಇಲ್ಲ. ಉಳಿದ ಐದು ಸ್ವರಗಳಿಂದ ಹುಟ್ಟುವ ತ್ರಿಸ್ವರ ಕಾರ್ಡ್‌ಗಳು (ಸ-ಗ-ಪದಂತೆ ಒಂದು ಬಿಟ್ಟು ಒಂದು ಸ್ವರ ಸೇರಿಸಿ ಒಟ್ಟಿಗೆ ನುಡಿಸುವ ಮೂರು ಸ್ವರಗಳು) ಎರಡೇ, ಎ ಫ್ಲ್ಯಾಟ್ ಮೇಜರ್ ಮತ್ತು ಎಫ್ ಮೈನರ್. ನಾನು ಮೊದಲು ಕಲಿತ ಪಾಠದಂತೆ ಪ್ರತಿ ಸಾಲಿನ ಕೊನೆಗೆ ಪಂಚಮದ ಮೇಲಿನ ಮೇಜರ್ ಕಾರ್ಡ್ ಇಟ್ಟೆ. ಅದರೊಳಗಿನ ನಿಷಾದ ಕೇಳಿಸಿದ ಕ್ಷಣವೇ ಜೋಗುಳ ಕಾನ್ವೆಂಟಿನ ಪ್ರಾರ್ಥನೆಯಾಗಿಬಿಟ್ಟಿತು. ಅಳಿಸಿ, ಷಡ್ಜ ಪಂಚಮಗಳನ್ನು ತಂಬೂರಿಯಂತೆ ಕೆಳಗೆ ಮೀಟುತ್ತ ಹೋದಾಗ ಧಾಟಿಗೆ ಉಸಿರು ಬಂತು. ಹಂಗರಿಯ ಬೇಲಾ ಬಾರ್ಟೋಕ್ 1908ರಿಂದ ಹಂಗೇರಿಯನ್ ಮತ್ತು ಸ್ಲೋವಾಕ್ ಜನಪದ ಧಾಟಿಗಳ ಮೇಲೆ ಮಕ್ಕಳಿಗಾಗಿ ಬರೆದ ಪುಟ್ಟ ಪಿಯಾನೊ ರಚನೆಗಳಲ್ಲಿ ಎಡಗೈ ಎಷ್ಟು ಕಡಿಮೆ ಮಾತಾಡುತ್ತದೆ ಎಂಬುದನ್ನು ಗಮನಿಸಿದರೆ ಈ ಸಂಗತಿ ಬೇಗ ಮನದಟ್ಟಾಗುತ್ತದೆ.

ಸ್ವರವನ್ನು ಜಾರಿಸಿ ತೂಗಿ ಹಾಡುವ ಗಮಕವನ್ನು ಪಿಯಾನೊದಲ್ಲಿ ತರಲಾಗದು. ಒತ್ತಿದ ಮನೆ ಜಾರುವುದಿಲ್ಲ. ಗಾಂಧಾರಕ್ಕೆ (ಗ) ಮುಂಚೆ ಪಂಚಮವನ್ನು ಕಿರುಸ್ವರವಾಗಿ ಮುಟ್ಟಿಸಿದರೆ ಅದರ ನೆನಪಷ್ಟೇ ಉಳಿಯುತ್ತದೆ. ಇಡೀ ಧಾಟಿಯಲ್ಲಿ ಎರಡು ಮೂರು ಕಡೆ ಇದ್ದರೆ ಚೆಂದ, ಹೆಚ್ಚಾದರೆ ಗೆಜ್ಜೆ ಕಟ್ಟಿದಂತಾಗುತ್ತದೆ.

ಧಾಟಿಯನ್ನು ಮರಳಿ ಮರಳಿ ನುಡಿಸಿದರೆ ಅದು ಅಳವಡಿಕೆಯಾದೀತೇ ಹೊರತು ಸ್ವಂತ ಕೃತಿಯಾಗದು. ನಡುಭಾಗಕ್ಕೆ ಗ್ರಹಭೇದ, ಅಂದರೆ ಷಡ್ಜದ ಜಾಗ ಬದಲಿಸುವುದು, ನೆರವಾಗುತ್ತದೆ: ಅವೇ ಐದು ಮನೆಗಳಲ್ಲಿ ಧೈವತವನ್ನು (ದ) ಷಡ್ಜವೆಂದು ಹಿಡಿದರೆ ಶುದ್ಧ ಧನ್ಯಾಸಿ ಎಂಬ ಬೇರೆ ರಾಗ ಮೂಡುತ್ತದೆ, ಅದರ ನೆಲೆ ನಮ್ಮ ಕೈಯಲ್ಲಿ ಆಗಲೇ ಇರುವ ಎಫ್ ಮೈನರ್. ಇಲ್ಲಿ ಜೋಗುಳದ ಮೊದಲ ನಾಲ್ಕು ಸ್ವರಗಳನ್ನಷ್ಟೇ ತೆಗೆದುಕೊಂಡು, ಒಮ್ಮೆ ತಲೆಕೆಳಗು ಮಾಡಿ, ಒಮ್ಮೆ ಕಾಲಾವಧಿಯನ್ನು ಇಮ್ಮಡಿಸಿ ಮಂದ್ರಕ್ಕೆ ಇಳಿಸಿ ಬೆಳೆಸಬಹುದು. ಹದಿನಾರು ಬಾರ್ (ಆರು ಎಣಿಕೆಯ ಒಂದೊಂದು ಸುತ್ತು) ಸಾಕು.

ಆಮೇಲೆ ಮೊದಲ ಭಾಗಕ್ಕೆ ಮರಳಬೇಕು, ಆದರೆ ಯಥಾವತ್ತಾಗಿ ಬೇಡ. ಮೊದಲ ಸಲ ನಾನು ನನ್ನ ನೆನಪಿನ ಪಾಠಾಂತರವನ್ನು ನುಡಿಸಿದ್ದೆ. ಮರಳಿದಾಗ ಚಿಕ್ಕಮ್ಮನದನ್ನು ಇಟ್ಟೆ. ಎಡಗೈ ನಿಲ್ಲಿಸಿ, ಪೆಡಲನ್ನು ಹಿಡಿದೇ ಇಟ್ಟು, ಕೊನೆಯ ಪಂಚಮ ಆರುವ ತನಕ ಕಾಯಬೇಕೆಂದು ಹಾಳೆಯ ಮೇಲೆ ಬರೆದಿದ್ದೇನೆ.