ಹಳೇ ಪಿಯಾನೊದ ಶ್ರುತಿ ಸರಿ ಮಾಡುವುದು ಹೇಗೆ?

ಕೊಡಗಿನ ತೋಟದ ಬಂಗಲೆಗಳಲ್ಲಿ, ಚರ್ಚುಗಳಲ್ಲಿ ಹಳೇ ಪಿಯಾನೊಗಳು ಇನ್ನೂ ಉಳಿದಿವೆ. ಮುಚ್ಚಳದ ಮೇಲೆ ಫೋಟೊ, ಹೂದಾನಿ. ಒಳಗೆ ಬೂಷ್ಟು. ರಜೆಗೆ ಬಂದ ಮಕ್ಕಳು ಬಾರಿಸಿದಾಗಲೇ ಶ್ರುತಿ ಹೋಗಿರುವುದು ಗೊತ್ತಾಗುತ್ತದೆ. ಆಗ ಮನೆಯಲ್ಲಿ ಯಾರೋ ಒಬ್ಬರು ಸ್ಪ್ಯಾನರ್ ಹಿಡಿದು ಕೂರುತ್ತಾರೆ. ಸಂಜೆಯೊಳಗೆ ಒಂದು ತಂತಿ ತುಂಡು, ತಂತಿ ಸುತ್ತಿರುವ ನಾಲ್ಕು ಪಿನ್ ಸಡಿಲ. ನಾನು ನೋಡಿದ ಕೆಟ್ಟ ಪಿಯಾನೊಗಳಲ್ಲಿ ಜಾಸ್ತಿಯವು ಇಂಥ ರಿಪೇರಿಯಿಂದಲೇ ಕೆಟ್ಟವು.

ಹೆಜ್ಜೆ 1: ಮಳೆ ಮುಗಿಯಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟಲೇಬೇಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ತಂತಿಗಳ ಹಿಂದಿರುವ ಸೌಂಡ್‌ಬೋರ್ಡ್ ಒಂದು ತೆಳು ಮರದ ಹಲಗೆ. ಅದು ತೇವ ಹೀರಿ ಉಬ್ಬುತ್ತದೆ, ತಂತಿಗಳನ್ನು ಒತ್ತಿ ಇನ್ನಷ್ಟು ಬಿಗಿ ಮಾಡುತ್ತದೆ. ನಡುಭಾಗದ ಸ್ವರಗಳು ಏರುತ್ತವೆ, ಕೆಳಗಿನ (ಬೇಸ್) ಸ್ವರಗಳು ಅಷ್ಟಾಗಿ ಏರುವುದಿಲ್ಲ. ಹೀಗಾಗಿ ಎಡಗೈ ಒಂದು ಶ್ರುತಿ, ಬಲಗೈ ಇನ್ನೊಂದು ಶ್ರುತಿ. ಒಣಹವೆ ಬಂದ ಮೇಲೆ ಹಲಗೆ ಕುಗ್ಗಿ ಅವೇ ಸ್ವರಗಳು ಇಳಿಯುತ್ತವೆ. ಕಕ್ಕಡದಲ್ಲಿ (ಜುಲೈ-ಆಗಸ್ಟ್) ಶ್ರುತಿ ಮಾಡಿದರೆ ಫೆಬ್ರವರಿಗೆ ಮತ್ತೆ ಅದೇ ಗೋಳು. ಪುತ್ತರಿ ಹಬ್ಬ (ನವೆಂಬರ್-ಡಿಸೆಂಬರ್) ಕಳೆದ ಮೇಲೆ ಮಾಡಿ. ಪ್ರತಿ ವರ್ಷವೂ ಅದೇ ಹೊತ್ತಿಗೆ ಮಾಡಿ.

ಹೆಜ್ಜೆ 2: ಸಾಮಾನು

ಪಿನ್ ತಿರುಗಿಸಲು ಒಳ್ಳೆಯ ಟ್ಯೂನಿಂಗ್ ಲಿವರ್, ತಂತಿಗಳನ್ನು ಸುಮ್ಮನಾಗಿಸಲು ಮೂರು ನಾಲ್ಕು ರಬ್ಬರ್ ಬೆಣೆ, ಒಂದು ಉದ್ದನೆಯ ಫೆಲ್ಟ್ ಪಟ್ಟಿ, ಟಾರ್ಚ್, ಕಣ್ಣಿಗೆ ಕನ್ನಡಕ. ಮೊಬೈಲಿನಲ್ಲಿ ಪಿಯಾನೊಗೆಂದೇ ಮಾಡಿದ ಟ್ಯೂನಿಂಗ್ ಆ್ಯಪ್ ಇರಲಿ. ಗಿಟಾರ್ ಆ್ಯಪ್ ಸಾಲದು. ಪಿಯಾನೊದಲ್ಲಿ ಮೇಲಿನ ಸ್ವರಗಳನ್ನು ಲೆಕ್ಕಕ್ಕಿಂತ ತುಸು ಮೇಲೆ, ಕೆಳಗಿನವನ್ನು ತುಸು ಕೆಳಗೆ ಇಡಬೇಕು. ಗಿಟಾರ್ ಆ್ಯಪ್‌ಗೆ ಅದು ತಿಳಿಯದು.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಕಿಟ್‌ಗಳ ಲಿವರ್ ಪಿನ್ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ, ಅಲುಗಾಡುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ. ಬೈಕಿನ ಟಿ-ಸ್ಪ್ಯಾನರ್ ಅಂತೂ ಬೇಡವೇ ಬೇಡ. ಚೌಕ ತಲೆಯ ಮೂಲೆಗಳು ಸವೆದರೆ ಆ ಪಿನ್ ಕೆಲಸಕ್ಕೆ ಬಾರದು. ಇನ್ನೊಂದು ಕೆಟ್ಟ ಅಭ್ಯಾಸ, ತುಕ್ಕು ಬಿಡಿಸಲು ಸ್ಪ್ರೇ ಎಣ್ಣೆ ಹೊಡೆಯುವುದು. ಎಣ್ಣೆ ಪಿನ್ ಗುಂಟ ಇಳಿದು ಮರಕ್ಕೆ ಸೇರುತ್ತದೆ. ಎಣ್ಣೆ ಕುಡಿದ ಮರ ಮತ್ತೆ ಪಿನ್ ಹಿಡಿಯುವುದಿಲ್ಲ.

ಹೆಜ್ಜೆ 3: ಎಲ್ಲಿಗೆ ಶ್ರುತಿ?

ಇಂದಿನ ವಾಡಿಕೆಯಲ್ಲಿ ನಡುವಿನ 'ಎ' ಸ್ವರ 440 ಹರ್ಟ್ಸ್. 1939ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಭೆ ಒಪ್ಪಿದ ಲೆಕ್ಕ ಅದು. ನಿಮ್ಮ ಪಿಯಾನೊ ಅದಕ್ಕೂ ಹಳೆಯದಿರಬಹುದು. ಅದರಲ್ಲಿ ಸುಮಾರು 220 ತಂತಿಗಳು, ಎಲ್ಲ ಸೇರಿ 15-20 ಟನ್ ಎಳೆತ. ಶ್ರುತಿ ಅರ್ಧ ಸ್ವರ ಇಳಿದು, ತಂತಿಗೆ ತುಕ್ಕು ಹಿಡಿದಿದ್ದರೆ 440ರ ಆಸೆ ಬಿಡಿ. ಈಗ ಎಲ್ಲಿದೆಯೋ ಅಲ್ಲೇ, ತನ್ನೊಳಗೆ ತಾನು ಕೂಡಿಬರುವ ಹಾಗೆ ಮಾಡಿ. ಜೊತೆಗೆ ಕೊಳಲು, ಕೀಬೋರ್ಡ್ ನುಡಿಸುವವರಿಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಹೆಜ್ಜೆ 4: ಪಿನ್ ತಿರುಗಿಸುವುದು

ಜನ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಪಿಯಾನೊದ ಕೆಳಗಿನ ಸ್ವರಗಳಿಗೆ ಒಂದೊಂದೇ ತಂತಿ, ಆಮೇಲೆ ಎರಡೆರಡು, ನಡುವಿನಿಂದ ಮೇಲಕ್ಕೆ ಮೂರು ಮೂರು. ಮೂರಿದ್ದ ಕಡೆ ಎರಡನ್ನು ಬೆಣೆ ಕೊಟ್ಟು ಸುಮ್ಮನಾಗಿಸಿ, ಒಂದು ಮಾತ್ರ ನುಡಿಯಲಿ. ಆ ತಂತಿ ಯಾವ ಪಿನ್‌ಗೆ ಹೋಗಿದೆ ಎಂದು ಬೆರಳಿಟ್ಟು ಮೇಲಿನವರೆಗೆ ಹಿಂಬಾಲಿಸಿ ನೋಡಿ. ಒಂದು ಸ್ವರ ಬಾರಿಸುತ್ತಾ ಪಕ್ಕದ ಪಿನ್ ತಿರುಗಿಸುವವರೇ ಜಾಸ್ತಿ. 'ಎಷ್ಟು ತಿರುಗಿಸಿದರೂ ಸ್ವರ ಏರ್ತಾನೇ ಇಲ್ಲ' ಅಂತ ಬಿಗಿ ಮಾಡುತ್ತಾ ಹೋಗುತ್ತಾರೆ, ಅತ್ತ ಆ ತಂತಿ ಪಟ್ ಎನ್ನುತ್ತದೆ. ಸ್ವರ ಅಲುಗದಿದ್ದರೆ ಕೈ ತೆಗೆಯಿರಿ, ಪಿನ್ ತಪ್ಪಿದೆ.

ನಿಲ್ಲಿಸಿದ ಪಿಯಾನೊದಲ್ಲಿ (ತಂತಿಗಳು ನೆಟ್ಟಗೆ ನಿಂತಿರುವ ಅಪ್‌ರೈಟ್) ಲಿವರ್‌ನ ಹಿಡಿ ಗಡಿಯಾರದ 12 ಗಂಟೆಯ ದಿಕ್ಕಿಗಿರಲಿ, ಹೆಚ್ಚೆಂದರೆ ಒಂದು ಗಂಟೆ. ಮೊದಲು ಒಂದೇ ಒಂದು ಕೂದಲೆಳೆಯಷ್ಟು ಸಡಿಲಿಸಿ. ಬಿಗಿ ಮಾಡುವ ಮೊದಲು ಯಾಕೆ ಸಡಿಲಿಸಬೇಕು? ತುಕ್ಕಿನಿಂದ ತಂತಿ ಲೋಹಕ್ಕೆ ಅಂಟಿಕೊಂಡಿರುತ್ತದೆ. ಸಡಿಲಿಸಿದರೆ ಅಂಟು ಬಿಡುತ್ತದೆ, ಕೆಲವೊಮ್ಮೆ ಟಿಕ್ ಎಂದು ಕೇಳಿಸುತ್ತದೆ. ನೇರವಾಗಿ ಎಳೆದರೆ ಅಂಟಿದ ಜಾಗದಲ್ಲೇ ತುಂಡಾಗುತ್ತದೆ.

ಈಗ ಸ್ವರ ಮೇಲಕ್ಕೆ. ಪಿನ್ ಮರದೊಳಗೆ ಬಿಗಿಯಾಗಿ ಕೂತಿದೆ. ನೀವು ಎಳೆದಾಗ ಮೊದಲು ಅದರ ತಲೆ ಮಾತ್ರ ತಿರುಚಿಕೊಳ್ಳುತ್ತದೆ, ಬುಡ ಅಲ್ಲೇ ಇರುತ್ತದೆ. ಸ್ವರ ಏರಿತು ಅಂತ ಕೈ ಬಿಟ್ಟರೆ ತಲೆ ವಾಪಸ್, ಸ್ವರವೂ ವಾಪಸ್. ಬುಡ ಸರಿದದ್ದು ಕೈಗೆ ಗೊತ್ತಾಗಬೇಕು. ಬೇಕಾದ ಸ್ವರಕ್ಕಿಂತ ಚೂರೇ ಚೂರು ಮೇಲೆ ಹೋಗಿ. ಕೀಯನ್ನು ಮೂರು ನಾಲ್ಕು ಸಲ ಜೋರಾಗಿ ಬಾರಿಸಿ. ಮೇಲೆ ಸಿಕ್ಕಿಕೊಂಡಿದ್ದ ಬಿಗಿ ಜಾರಿ ಬಂದು ಸ್ವರ ಇಳಿಯುತ್ತದೆ. ಆಮೇಲೆ ಲಿವರನ್ನು ಹಿಂದಕ್ಕೆ ಮೆಲ್ಲಗೆ ಒತ್ತಿ, ತಿರುಚು ಬಿಡುವಷ್ಟು ಮಾತ್ರ. ಮತ್ತೆ ಜೋರಾಗಿ ಬಾರಿಸಿದರೂ ಸ್ವರ ಕದಲದಿದ್ದರೆ ಆ ತಂತಿ ಮುಗಿಯಿತು. ಮೆಲ್ಲಗೆ ಬಾರಿಸಿ ಶ್ರುತಿ ಮಾಡಿದ ಪಿಯಾನೊ ಮೊದಲ ಹಾಡಿಗೇ ಕೆಡುತ್ತದೆ.

ಲಿವರನ್ನು ನಿಮ್ಮ ಕಡೆಗೆ ಎಳೆಯಬೇಡಿ, ಗೋಡೆ ಕಡೆಗೆ ತಳ್ಳಬೇಡಿ. ಪಿನ್ ಬಾಗಿ ತೂತು ಅಗಲವಾಗುತ್ತದೆ.

ಹೆಜ್ಜೆ 5: ಮೂರನ್ನು ಒಂದು ಮಾಡುವುದು

ಮೊದಲ ತಂತಿಗೆ ಆ್ಯಪ್ ನೋಡಿ. ಉಳಿದೆರಡಕ್ಕೆ ಕಿವಿಯೇ ಸಾಕು, ಆ್ಯಪ್ ಆಫ್ ಮಾಡಿ ಎಂದೇ ಹೇಳುತ್ತೇನೆ. ತಂಬೂರಿಯ ನಡುವಿನ ಎರಡು ತಂತಿ ಕೂಡಿಸುವ ಹಾಗೆಯೇ ಇದು. ಒಂದು ಬೆಣೆ ತೆಗೆದು ಎರಡನ್ನು ಒಟ್ಟಿಗೆ ಬಾರಿಸಿ. ವಾಂವ್-ವಾಂವ್ ಎಂಬ ಅಲೆ ಕೇಳಿಸುತ್ತದೆ. ಹತ್ತಿರ ಬಂದಂತೆ ಅಲೆ ನಿಧಾನವಾಗುತ್ತದೆ, ಕೂಡಿದಾಗ ನಿಲ್ಲುತ್ತದೆ. ಒಂಟಿ ತಂತಿಯಲ್ಲೇ ಅಲೆ ಬಂದರೆ ತಪ್ಪು ನಿಮ್ಮದಲ್ಲ. ತುಕ್ಕು, ಇಲ್ಲವೇ ಸೇತುವೆಯ (ಸೌಂಡ್‌ಬೋರ್ಡ್ ಮೇಲೆ ತಂತಿಗಳು ಹಾದುಹೋಗುವ ಮರದ ಪಟ್ಟಿ) ಸಡಿಲ ಮೊಳೆ ಕಾರಣ. ಅದರ ಮೇಲೆ ಹೊತ್ತು ಕಳೆಯಬೇಡಿ.

ನಡುವಿನ ಸಪ್ತಕ ಮುಗಿಸಿ, ಅಲ್ಲಿಂದ ಮೇಲಕ್ಕೆ, ಆಮೇಲೆ ಕೆಳಕ್ಕೆ ಹೋಗಿ.

ಹೆಜ್ಜೆ 6: ನಿಲ್ಲದ ಪಿನ್

ಎರಡು ಬೆರಳಲ್ಲಿ ಲಿವರ್ ತಿರುಗಿದರೆ ಪಿನ್ ಸಡಿಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಪಿನ್ ಹಿಡಿಯುವ ಮರ ಸೋತಿರುತ್ತದೆ. ನೀರಿನಂತೆ ತೆಳುವಾದ ಸೂಪರ್ ಗ್ಲೂ ತನ್ನಿ, ಜೆಲ್ ಬೇಡ. ಪಿನ್ ಬುಡಕ್ಕೆ ಹನಿ ಹನಿಯಾಗಿ, ಮರ ಹೀರುವಷ್ಟು ಬಿಡಿ. ನಿಲ್ಲಿಸಿದ ಪಿಯಾನೊದಲ್ಲಿ ಅಂಟು ಕೆಳಗೆ ಸೋರುತ್ತದೆ, ಬಟ್ಟೆ ಒಡ್ಡಿ. ಕಿಟಕಿ ತೆರೆದಿಡಿ, ಹೊಗೆ ಕಣ್ಣಿಗೆ ಉರಿ. ಮಾರನೇ ದಿನದವರೆಗೆ ಪಿನ್ ಮುಟ್ಟಬೇಡಿ. ಬೆಲೆಬಾಳುವ ಪಿಯಾನೊ ಆದರೆ ಅಂಟು ಹಾಕದೆ ಮೈಸೂರು, ಬೆಂಗಳೂರಿನಿಂದ ಟ್ಯೂನರ್ ಕರೆಸಿ. ಅವರು ತುಸು ದಪ್ಪ ಪಿನ್ ಹಾಕುತ್ತಾರೆ.

ತಂತಿ ತುಂಡಾದರೆ ಅದೇ ದಪ್ಪದ ಪಿಯಾನೊ ತಂತಿಯೇ ಬೇಕು. ಬೈಕಿನ ಬ್ರೇಕ್ ಕೇಬಲ್ ಕಟ್ಟಿದ್ದನ್ನೂ ನೋಡಿದ್ದೇನೆ! ಹೊಸ ತಂತಿ ಕೆಲವು ತಿಂಗಳು ಇಳಿಯುತ್ತಲೇ ಇರುತ್ತದೆ, ಆಗಾಗ ಏರಿಸಬೇಕು.

ಕೊನೆಗೆ ಪಿಯಾನೊವನ್ನು ಹೊರಗೋಡೆಯಿಂದ, ಬೆಂಕಿಗೂಡಿನಿಂದ ದೂರ ಸರಿಸಿ. ತೇವಾಂಶ ತೋರಿಸುವ ಸಣ್ಣ ಮೀಟರ್ ಒಂದನ್ನು ಒಳಗಿಡಿ. 40ರಿಂದ 60 ಶೇಕಡಾ ಇದ್ದರೆ ಒಳ್ಳೆಯದು. ಮಳೆಗಾಲಕ್ಕೆ ಪಿಯಾನೊ ಒಳಗಿಡುವ ಹೀಟರ್ ರಾಡ್ ಹಾಕಿಸಿ, ಆದರೆ ಕರೆಂಟು ಹೋದಾಗ ಅದೂ ಇಲ್ಲ, ಅಲ್ವಾ? ಮೀಟರ್ ತೋರಿಸುವುದನ್ನು ವಾರಕ್ಕೊಮ್ಮೆ ಬರೆದಿಡಿ. ಟ್ಯೂನರ್ ಬಂದಾಗ ಮೊದಲು ಕೇಳುವುದು ಅದನ್ನೇ.