ಎರಡು ಕಂಪ್ಯೂಟರ್, ನಡುವೆ ಒಂದು ಕೇಬಲ್: ನನ್ನ ಅನುಭವ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲೇ ನನ್ನ ಡಿಟಿಪಿ ಕೆಲಸ. ಮದುವೆ ಕಾರ್ಡು, ಗೃಹಪ್ರವೇಶದ ಆಮಂತ್ರಣ, ಶಾಲೆಯ ಪ್ರಶ್ನೆಪತ್ರಿಕೆ, ಜಾತ್ರೆ ಕರಪತ್ರ. 2012ರಿಂದ ಎಲ್ಲವೂ ಒಂದೇ ಡೆಸ್ಕ್‌ಟಾಪಿನಲ್ಲಿ ಆಗಿದೆ. ವಿಂಡೋಸ್ 7, ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಟೈಪಿಸಲು ನುಡಿ. ಇಷ್ಟೇ ಅದರ ಸಂಸಾರ.

ಅಕ್ಷಯ ತೃತೀಯಕ್ಕೆ ಇನ್ನು ಮೂರು ವಾರ ಇತ್ತು. ಕಾರ್ಡಿನ ಕೆಲಸ ಮೈಮೇಲೆ ಬರುವ ಹೊತ್ತು. ಆಗಲೇ ಹಾರ್ಡ್ ಡಿಸ್ಕ್ ಒಳಗಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು. ಆ ಸದ್ದು ಬಂತೆಂದರೆ ಡಿಸ್ಕ್ ಹೆಚ್ಚು ದಿನ ಬಾಳುವುದಿಲ್ಲ ಅಂತಲೇ ತಿಳಿಯಬೇಕು. ಹೊಸ ಲ್ಯಾಪ್‌ಟಾಪ್ ತಂದೆ, ವಿಂಡೋಸ್ 11ರದ್ದು. ಹಳೆಯದರಲ್ಲಿ ಇದ್ದದ್ದು ಸುಮಾರು 210 ಜಿಬಿ. ಅದನ್ನು ಸುರಕ್ಷಿತವಾಗಿ ಈ ಕಡೆ ತರಬೇಕು.

ಇಂಟರ್ನೆಟ್ಟಿಗೆ ಏರಿಸಿ ಇಳಿಸುವ ಯೋಚನೆಯನ್ನು ನಾನು ಮಾಡಲೇ ಇಲ್ಲ. ಆ ಕಾರ್ಡುಗಳಲ್ಲಿ ಜನರ ಹೆಸರು, ಮನೆ ವಿಳಾಸ, ಫೋನ್ ನಂಬರ್ ಇವೆ. ನನ್ನನ್ನು ನಂಬಿ ಕೊಟ್ಟದ್ದು ಅದು.

ಮೊದಲು ಪೆನ್ ಡ್ರೈವ್ ಹಿಡಿದೆ. ತಂಗಿ ಮದುವೆಯ ವಿಡಿಯೊ ಒಂದೇ ಫೈಲ್ 6 ಜಿಬಿ ಇತ್ತು. ಪೆನ್ ಡ್ರೈವ್‌ನಲ್ಲಿ ಜಾಗ ಇದ್ದರೂ ಅದು ಹೋಗಲಿಲ್ಲ. ಡ್ರೈವ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿ ಮುಟ್ಟಿದ ಫೈಲನ್ನು ಅದು ಒಳಗೆ ಬಿಡುವುದಿಲ್ಲ. ಬೇರೆ ಮಾದರಿಗೆ ಫಾರ್ಮ್ಯಾಟ್ ಮಾಡಬಹುದಿತ್ತು. ಆದರೆ 32 ಜಿಬಿಯ ಪೆನ್ ಡ್ರೈವನ್ನು ಏಳು ಸಲ ತುಂಬಿ, ಏಳು ಸಲ ಖಾಲಿ ಮಾಡುವುದು ಯಾಕೆ ಅಲ್ವಾ?

ಆಮೇಲೆ ವೈಫೈ. ಹಳೆ ಡೆಸ್ಕ್‌ಟಾಪಿಗೆ ಸಣ್ಣ ಯುಎಸ್‌ಬಿ ವೈಫೈ ಚುಚ್ಚಿದ್ದೆ. ರೌಟರ್ ಹಾಲ್‌ನಲ್ಲಿ, ನಡುವೆ ಒಂದು ದಪ್ಪ ಗೋಡೆ. ಸೆಕೆಂಡಿಗೆ 5 ಎಂಬಿ ದಾಟಲಿಲ್ಲ. ಎರಡೂ ಕಂಪ್ಯೂಟರ್ ವೈಫೈನಲ್ಲೇ ಇದ್ದರೆ ಪ್ರತಿ ಫೈಲೂ ಒಮ್ಮೆ ರೌಟರಿಗೆ ಹಾರಬೇಕು, ಅಲ್ಲಿಂದ ಇನ್ನೊಮ್ಮೆ ಲ್ಯಾಪ್‌ಟಾಪಿಗೆ ಹಾರಬೇಕು. ಒಂದೇ ಗಾಳಿಯಲ್ಲಿ ಎರಡು ಪ್ರಯಾಣ, ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿದೆ. 210 ಜಿಬಿಗೆ ಹತ್ತಿರ ಹತ್ತಿರ ಹನ್ನೆರಡು ಗಂಟೆ. ಸಾಯುತ್ತಿರುವ ಡಿಸ್ಕನ್ನು ಹನ್ನೆರಡು ಗಂಟೆ ಓಡಿಸಲು ನನಗೆ ಧೈರ್ಯ ಬರಲಿಲ್ಲ. ಆದರೂ ಒಂದು ಫೋಲ್ಡರ್ ಹಾಕಿ ನೋಡಿದೆ. ಮಧ್ಯೆ ಕರೆಂಟ್ ಹೋಯಿತು. ಬಂದ ಮೇಲೆ ಯಾವುದು ಪೂರ್ತಿ ಬಂದಿದೆ, ಯಾವುದು ಅರ್ಧಕ್ಕೆ ನಿಂತಿದೆ ಅಂತ ಗೊತ್ತೇ ಆಗಲಿಲ್ಲ. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಅಕ್ಕನ ಮಗ ಬಂದ. ಇಂಜಿನಿಯರಿಂಗ್ ಓದುತ್ತಿದ್ದಾನೆ. ನೋಡಿದವನೇ, "ಮಾಮ, ರೌಟರ್ ಯಾಕೆ ಬೇಕು? ಎರಡಕ್ಕೂ ನೇರ ಲ್ಯಾನ್ ಕೇಬಲ್ ಹಾಕು, ಸಾಕು" ಅಂದ. ಅದೇ ಸರಿಯಾದ ದಾರಿಯಾಗಿತ್ತು. ನಮ್ಮ ಮನೆಯ ರೌಟರಿನ ಲ್ಯಾನ್ ಪೋರ್ಟುಗಳು 100 ಎಂಬಿಪಿಎಸ್‌ನವು. ಮನೆಗೆ ಕೊಡುವ ಎಷ್ಟೋ ರೌಟರುಗಳು ಹೀಗೇ ಇರುತ್ತವೆ. ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. ನೇರ ಕೇಬಲ್ ಹಾಕಿದರೆ ಆ ಮಿತಿ ಇಲ್ಲ. ಹಿಂದೆಲ್ಲ ಇದಕ್ಕೆ ಕ್ರಾಸ್ ಕೇಬಲ್ ಅಂತಲೇ ಬೇರೆ ಬೇಕಿತ್ತು. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನ ಪೋರ್ಟ್ ಇದ್ದರೆ ಅದು ಬೇಡ, ಸಾಮಾನ್ಯ ಕೇಬಲ್ಲೇ ಸಾಕು.

ಇನ್ನೊಂದು ಲಾಭವೂ ಇದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಸುರಕ್ಷತೆಯ ಅಪ್‌ಡೇಟ್ ನಿಲ್ಲಿಸಿದೆ. ನೇರ ಕೇಬಲ್ಲಿನಲ್ಲಿ ಹಳೆಯ ಯಂತ್ರ ಇಂಟರ್ನೆಟ್ ಮುಖ ನೋಡದೆಯೇ ಕೆಲಸ ಮುಗಿಯುತ್ತದೆ. ಯುಎಸ್‌ಬಿ ವೈಫೈಯನ್ನು ಕಿತ್ತು ಪಕ್ಕಕ್ಕಿಟ್ಟೆ.

ಹೊಸ ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟ್ ಇರಲಿಲ್ಲ. ಪಿ.ಜೆ. ಬಡಾವಣೆಯ ಒಂದು ಅಂಗಡಿಯಿಂದ ಯುಎಸ್‌ಬಿ 3.0ರ ಗಿಗಾಬಿಟ್ ಅಡಾಪ್ಟರ್ ತಂದೆ. ಕೊಳ್ಳುವಾಗ 3.0 ಅಂತ ಕೇಳಿಯೇ ಕೊಳ್ಳಿ. 2.0ರದ್ದು ಗಿಗಾಬಿಟ್ ವೇಗದ ಅರ್ಧವನ್ನೂ ಮುಟ್ಟುವುದಿಲ್ಲ. ಮನೆಯಲ್ಲಿದ್ದ ಹಳೆ ಕೇಬಲ್ ಹಾಕಿದೆ. ವೇಗ 100 ಎಂಬಿಪಿಎಸ್ ಅಂತಲೇ ತೋರಿಸಿತು! ಎರಡೂ ಕಡೆ ಗಿಗಾಬಿಟ್ ಇದೆ, ಮತ್ಯಾಕೆ ಹೀಗೆ? ಲ್ಯಾನ್ ಕೇಬಲ್ ಒಳಗೆ ಎಂಟು ತಂತಿ ಇರುತ್ತವೆ. 100ಕ್ಕೆ ನಾಲ್ಕೇ ಸಾಕು. 1000ಕ್ಕೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ತಂತಿ ಒಳಗೆ ಕಡಿದಿದ್ದರೂ ಎರಡೂ ಕಂಪ್ಯೂಟರು ಸದ್ದಿಲ್ಲದೆ 100ಕ್ಕೆ ಇಳಿದು ಮಾತಾಡುತ್ತವೆ. ಹೊಸ ಕ್ಯಾಟ್ 6 ಕೇಬಲ್ ಹಾಕಿದ ಕೂಡಲೇ 1 ಜಿಬಿಪಿಎಸ್ ಬಂತು.

ಈಗ ಎರಡಕ್ಕೂ ಐಪಿ ವಿಳಾಸ, ಅಂದರೆ ಒಂದನ್ನೊಂದು ಗುರುತಿಸುವ ಸಂಖ್ಯೆ ಕೊಡಬೇಕು. ರೌಟರ್ ಇದ್ದರೆ ಅದೇ ಕೊಡುತ್ತದೆ. ಇಲ್ಲದಿದ್ದರೆ ವಿಂಡೋಸ್ ತಾನೇ 169.254ರಿಂದ ಶುರುವಾಗುವ ಒಂದನ್ನು ಹಾಕಿಕೊಳ್ಳುತ್ತದೆ. ಅದರಲ್ಲೂ ಕೆಲಸ ನಡೆಯುತ್ತದೆ, ಆದರೆ ನೆನಪಿಡುವುದು ಕಷ್ಟ. ನಾನು ಹಳೆಯದಕ್ಕೆ 192.168.50.1, ಹೊಸದಕ್ಕೆ 192.168.50.2 ಅಂತ ಬರೆದೆ. ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0. ಹೊರಗಿನ ನೆಟ್‌ವರ್ಕಿಗೆ ದಾರಿ ತೋರಿಸುವ ಗೇಟ್‌ವೇ ಜಾಗ ಖಾಲಿ.

ಹಳೆಯದರಲ್ಲಿ ಕೆಲಸದ ಫೋಲ್ಡರನ್ನು ಶೇರ್ ಮಾಡಿದೆ, ಓದಲು ಮಾತ್ರ ಅನುಮತಿ ಕೊಟ್ಟು. ಇದು ನನ್ನ ಗಟ್ಟಿ ಅಭಿಪ್ರಾಯ. ಹಳೆಯದರಿಂದ ತಳ್ಳಬೇಡಿ, ಹೊಸದರಿಂದ ಎಳೆದುಕೊಳ್ಳಿ. ಓದಲು ಮಾತ್ರ ಬಿಟ್ಟರೆ ಕೈ ತಪ್ಪಿ ಅಲ್ಲಿನದು ಅಳಿಸಿ ಹೋಗುವ ಭಯವೇ ಇಲ್ಲ.

ಇಲ್ಲಿ ಎರಡು ಕಡೆ ಸಿಕ್ಕಿಹಾಕಿಕೊಂಡೆ. ಕೇಬಲ್ಲಿನ ಸಂಪರ್ಕವನ್ನು ವಿಂಡೋಸ್ 7 ಗುರುತಿಲ್ಲದ ನೆಟ್‌ವರ್ಕ್ ಅಂತ ಪಬ್ಲಿಕ್ ಪಟ್ಟಿಗೆ ಸೇರಿಸಿತು. ಪಬ್ಲಿಕ್ ಅಂದ ಮೇಲೆ ಫೈರ್‌ವಾಲ್ ಶೇರಿಂಗನ್ನು ತಡೆಯುತ್ತದೆ. ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ, ಪಬ್ಲಿಕ್ ಭಾಗದಲ್ಲೇ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿದೆ. ಆ ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಇರುವುದು ನನ್ನದೇ ಲ್ಯಾಪ್‌ಟಾಪ್, ಹಾಗಾಗಿ ತೊಂದರೆ ಇಲ್ಲ. ಕೆಲಸ ಮುಗಿದ ಮೇಲೆ ಮರೆಯದೆ ಆಫ್ ಮಾಡಿದೆ.

ಎರಡನೆಯದು ಪಾಸ್‌ವರ್ಡ್. ಲ್ಯಾಪ್‌ಟಾಪಿನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಹಳೆಯದರ ವಿಳಾಸ ಬರೆದರೆ ಹೆಸರು, ಪಾಸ್‌ವರ್ಡ್ ಕೇಳಿತು. ಮನೆಯ ಕಂಪ್ಯೂಟರ್ ಅಂತ ಹಳೆಯದಕ್ಕೆ ಪಾಸ್‌ವರ್ಡೇ ಇಟ್ಟಿರಲಿಲ್ಲ. ಖಾಲಿ ಬಿಟ್ಟು ಎಂಟರ್ ಒತ್ತಿದರೆ ಒಪ್ಪುವುದಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ ಬಿಡುತ್ತದೆ, ನೆಟ್‌ವರ್ಕಿನಿಂದ ಬರುವವರಿಗೆ ಬಿಡುವುದಿಲ್ಲ. ಹಳೆಯದಕ್ಕೆ ಪಾಸ್‌ವರ್ಡ್ ಇಟ್ಟೆ, ಬಾಗಿಲು ತೆರೆಯಿತು. ಇಷ್ಟು ತಿಳಿಯಲು ಅರ್ಧ ದಿನ ಹೋಗಿತ್ತು. ಈ ಹೊತ್ತಲ್ಲಿ ಕೆಲವರು ಎಸ್‌ಎಂಬಿ1 (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ವಿಂಡೋಸಿನ ಹಳೆಯ ವಿಧಾನ) ಆನ್ ಮಾಡಿ ಅಂತ ಸಲಹೆ ಕೊಡುತ್ತಾರೆ. ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿಗೆಲ್ಲ ಹರಡಿದ ವನ್ನಾಕ್ರೈ ಅನ್ನುವ ಹಾನಿಕಾರಕ ಪ್ರೋಗ್ರಾಂ ಅದೇ ಕಿಂಡಿಯಿಂದ ನುಗ್ಗಿದ್ದು. ವಿಂಡೋಸ್ 7ಕ್ಕೆ ಎಸ್‌ಎಂಬಿ2 ಗೊತ್ತು. ಎಸ್‌ಎಂಬಿ1 ಬೇಕಾಗುವುದು ಎಕ್ಸ್‌ಪಿ ಕಾಲದ ಯಂತ್ರಗಳಿಗೆ.

ನಕಲು ಮಾಡಲು ಕಾಪಿ, ಪೇಸ್ಟ್ ಬಳಸಲಿಲ್ಲ. ವಿಂಡೋಸ್ ಒಳಗೇ ರೋಬೊಕಾಪಿ ಅಂತ ಒಂದು ಕಮಾಂಡ್ ಇದೆ. ಎಲ್ಲಿಂದ, ಎಲ್ಲಿಗೆ ಅಂತ ಬರೆದು ಕೊನೆಗೆ ಸ್ಲ್ಯಾಶ್ ಇ ಹಾಕಿದರೆ ಒಳಗಿನ ಎಲ್ಲ ಫೋಲ್ಡರ್ ಸಮೇತ ಬರುತ್ತದೆ. ಕರೆಂಟ್ ಹೋದರೆ ಅದೇ ಸಾಲನ್ನು ಮತ್ತೆ ಓಡಿಸಿ. ಗಾತ್ರ, ದಿನಾಂಕ ನೋಡಿ ಬಂದದ್ದನ್ನು ಬಿಟ್ಟು, ಬಾರದ್ದನ್ನು ಮಾತ್ರ ತರುತ್ತದೆ. ಒಂದು ವಿಷಯ ನೆನಪಿಡಿ. ಓದಲಾಗದ ಫೈಲ್ ಸಿಕ್ಕರೆ ಅದು ಮೂವತ್ತು ಸೆಕೆಂಡಿಗೆ ಒಮ್ಮೆಯಂತೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ! ಅದಕ್ಕೇ ಸ್ಲ್ಯಾಶ್ ಆರ್ ಕೋಲನ್ 2, ಸ್ಲ್ಯಾಶ್ ಡಬ್ಲ್ಯು ಕೋಲನ್ 5 ಸೇರಿಸಿದೆ. ಎರಡು ಸಲ, ಐದು ಸೆಕೆಂಡ್ ಬಿಟ್ಟು, ಅಷ್ಟೇ. ಸ್ಲ್ಯಾಶ್ ಎಂಐಆರ್ ಅನ್ನುವುದನ್ನು ಮಾತ್ರ ಸುಮ್ನೆ ಹಾಕಲು ಹೋಗಬೇಡಿ. ಮೂಲದಲ್ಲಿ ಇಲ್ಲದ್ದನ್ನು ಅದು ಈ ಕಡೆ ಅಳಿಸಿಬಿಡುತ್ತದೆ.

ಡಿಸ್ಕ್ ಯಾವಾಗ ಕೈಕೊಡುತ್ತದೋ ಅಂತ ಕಾರ್ಡುಗಳ ಫೋಲ್ಡರನ್ನೇ ಮೊದಲು ತಂದೆ. ಆಮೇಲೆ ಪ್ರಶ್ನೆಪತ್ರಿಕೆ, ಫೋಟೊ, ಕೊನೆಗೆ ವಿಡಿಯೊ. ದೊಡ್ಡ ಫೈಲುಗಳು ಸೆಕೆಂಡಿಗೆ 70, 80 ಎಂಬಿಯಂತೆ ಹರಿದು ಬಂದವು. ಸಣ್ಣ ಸಣ್ಣ ಸಾವಿರಾರು ಫೈಲು ಬಂದಾಗ ತೆವಳಿತು. ಡಿಸ್ಕಿನ ಮುಳ್ಳು ಒಂದೊಂದಕ್ಕೂ ಅತ್ತಿಂದಿತ್ತ ಓಡಾಡಬೇಕಲ್ಲ. ಒಟ್ಟು ಎರಡು ಗಂಟೆಯ ಮೇಲೆ ಸ್ವಲ್ಪ ಹಿಡಿಯಿತು. ಅಷ್ಟೂ ಹೊತ್ತು ನಾನು ಪಕ್ಕದಲ್ಲೇ ಕೂತಿದ್ದೆ. ಮನೆಯವಳು ಮಂಡಕ್ಕಿ ಒಗ್ಗರಣೆ ಅಲ್ಲಿಗೇ ತಂದುಕೊಟ್ಟಳು.

ಕೊನೆಗೆ ಬಂದ ಪಟ್ಟಿಯಲ್ಲಿ ಫೇಲ್ಡ್ ಕೆಳಗೆ 3 ಅಂತ ಇತ್ತು. ನೋಡಿದರೆ ಹಳೆಯದರಲ್ಲಿ ಪೇಜ್‌ಮೇಕರ್ ತೆರೆದೇ ಇತ್ತು, ಆ ಮೂರೂ ಅದರ ಹಿಡಿತದಲ್ಲಿದ್ದವು. ಮುಚ್ಚಿ ಮತ್ತೆ ಓಡಿಸಿದೆ, ಬಂದವು. ಮೂರನೇ ಸಲ ಓಡಿಸಿದಾಗ ಕಾಪೀಡ್ ಸೊನ್ನೆ, ಫೇಲ್ಡ್ ಸೊನ್ನೆ. ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಬೈಟುಗಳ ಸಂಖ್ಯೆ ತಾಳೆ ನೋಡಿದೆ. ಒಂದೂ ಹೆಚ್ಚು ಕಡಿಮೆ ಇಲ್ಲ.

ಅಷ್ಟಾದರೂ ಒಂದು ಪ್ರಶ್ನೆಪತ್ರಿಕೆಯ ವರ್ಡ್ ಫೈಲ್ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಎದೆ ಧಸಕ್ ಅಂದಿತು. ಫೈಲ್ ಹಾಳಾಗಿರಲಿಲ್ಲ. ಆಗಿನ ನನ್ನ ಕೆಲಸವೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದಿದ್ದರೆ ಕೆಳಗಿರುವ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ಹಳೆಯದರ ಸಿ ಡ್ರೈವಿನ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಶೇರ್ ಮಾಡಿದ್ದ ಫೋಲ್ಡರಿಗೆ ಹಾಕಿ, ಅದೇ ಕೇಬಲ್ಲಿನಲ್ಲಿ ತಂದು ಇನ್‌ಸ್ಟಾಲ್ ಮಾಡಿದೆ. ಮತ್ತೆ ತೆರೆದಾಗ ಒಂದೊಂದು ಒತ್ತಕ್ಷರವೂ ತನ್ನ ಜಾಗದಲ್ಲಿತ್ತು.

ಸಂಜೆ ಹಳೆಯ ಗಿರಾಕಿಯೊಬ್ಬರು ಬಂದರು. "ಅಣ್ಣಾರೆ, ಹಿರೇ ಮಗಳ ಕಾರ್ಡ್ ನೀವೇ ಮಾಡಿದ್ರಲ್ರಿ, ಅದು ಐತಾ? ಕಿರೇ ಮಗಳಿಗೂ ಅದೇ ಥರ ಬೇಕು." ಆ ಮದುವೆ 2014ರಲ್ಲಿ ಆದದ್ದು. ಲ್ಯಾಪ್‌ಟಾಪಿನಲ್ಲಿ ವರ್ಷದ ಫೋಲ್ಡರ್ ತೆರೆದೆ. ಇತ್ತು.